ಕಲೆನ್ ಸೀಟೌನ್: ಬರೀ ಮನೆ ನಂಬರ್ ನಂಬಿ ಹೋಗಬೇಡಿ

ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯ ಕಲೆನ್ ಸಣ್ಣ ಊರು. ಹೊಗೆ ಹಾಕಿದ ಹ್ಯಾಡಕ್ ಮೀನು, ಆಲೂಗಡ್ಡೆ, ಈರುಳ್ಳಿ, ಹಾಲು ಸೇರಿಸಿ ಮಾಡುವ ಕಲೆನ್ ಸ್ಕಿಂಕ್ ಸೂಪಿನಿಂದ ಕೆಲವರಿಗೆ ಈ ಹೆಸರು ಗೊತ್ತಿರಬಹುದು. ನಾವು ಹೋಗಿದ್ದು ಒಂದು ವಿಳಾಸ ಹುಡುಕಿಕೊಂಡು. ನನ್ನ ಗಂಡ ಟೊರಾಂಟೊದಲ್ಲಿ ಬೆಳೆದವನು. ಅವನ ಮುತ್ತಜ್ಜಿ ಕಲೆನ್‌ನ ಮೀನುಗಾರರ ಮನೆಯ ಹುಡುಗಿ. ಉಳಿದಿದ್ದ ಒಂದು ಲಕೋಟೆಯ ಮೇಲೆ ಮನೆ ನಂಬರ್, ಆಮೇಲೆ ಸೀಟೌನ್, ಕಲೆನ್, ಬ್ಯಾನ್ಫ್‌ಶೈರ್ ಎಂದಷ್ಟೇ ಇತ್ತು. ಬೀದಿಯ ಹೆಸರೇ ಇಲ್ಲ.

ಇಂಥ ವಿಳಾಸ ಇಟ್ಟುಕೊಂಡು ಹೊರಡುವವರಿಗೆ ಎರಡು ವಿಷಯ ಮೊದಲೇ ಗೊತ್ತಿರಲಿ. ಬ್ಯಾನ್ಫ್‌ಶೈರ್ ಈಗ ಆಡಳಿತದ ಲೆಕ್ಕದಲ್ಲಿ ಇಲ್ಲ, ಕಲೆನ್ ಇರುವುದು ಮೋರೆ ಕೌನ್ಸಿಲ್ ಕೆಳಗೆ. ಹಳೇ ದಾಖಲೆಗಳನ್ನು ಮಾತ್ರ ಬ್ಯಾನ್ಫ್ ಹೆಸರಲ್ಲೇ ಹುಡುಕಬೇಕು. ಎರಡನೆಯದು ಇನ್ನೂ ಮುಖ್ಯ. ಸೀಟೌನ್ ಅಂದರೆ ಸಮುದ್ರದ ಪಕ್ಕದ ಮೀನುಗಾರರ ಕೇರಿ. ಅಲ್ಲಿ ಮನೆ ನಂಬರ್‌ಗಳು ಸಾಲಾಗಿ ಬರುವುದಿಲ್ಲ. ಮನೆ ಕಟ್ಟಿದ ಕ್ರಮದಲ್ಲಿ ನಂಬರ್ ಕೊಟ್ಟಿದ್ದಾರೆ ಎನ್ನುತ್ತಾರೆ ಅಲ್ಲಿಯವರು. ಒಂದು ಬಾಗಿಲಿಗೂ ಪಕ್ಕದ ಬಾಗಿಲಿಗೂ ಸಂಬಂಧವೇ ಇಲ್ಲದಂತೆ ಅಂಕಿಗಳು ಎಲ್ಲೆಲ್ಲೋ ಹಾರುತ್ತವೆ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಮನೆ ಹುಡುಕಿದವರಿಗೆ ಈ ಸುಖ ಗೊತ್ತಿದೆ, ಅಲ್ವಾ?

ಹಾಗಾಗಿ ಅರ್ಧಕ್ಕಿಂತ ಜಾಸ್ತಿ ಕೆಲಸ ಮನೆಯಲ್ಲೇ ಕೂತು ಮುಗಿಸಬೇಕು. ಸ್ಕಾಟ್ಲೆಂಡ್ಸ್‌ಪೀಪಲ್ ಎಂಬ ಸರ್ಕಾರಿ ತಾಣದಲ್ಲಿ ಹೆಸರು ನೋಂದಾಯಿಸಿದರೆ ಹುಡುಕಾಟ ಉಚಿತ. ದಾಖಲೆಯ ಚಿತ್ರ ನೋಡಲು ಮಾತ್ರ ದುಡ್ಡು. ಜನನ, ಮದುವೆ, ಮರಣಗಳ ಕಡ್ಡಾಯ ನೋಂದಣಿ ಅಲ್ಲಿ ಶುರುವಾಗಿದ್ದು 1855ರ ಜನವರಿ 1ರಂದು. ಸ್ಕಾಟ್ಲೆಂಡಿನ ಮರಣಪತ್ರ ತುಂಬಾ ಉದಾರಿ. ಸತ್ತವರ ತಂದೆಯ ಹೆಸರಿನ ಜೊತೆ ತಾಯಿಯ ತವರಿನ ಹೆಸರೂ ಇರುತ್ತದೆ. 1861ರಿಂದ ಈಚಿನ ಜನನಪತ್ರದಲ್ಲಿ ಅಪ್ಪ ಅಮ್ಮ ಎಲ್ಲಿ, ಯಾವತ್ತು ಮದುವೆಯಾದರು ಎಂಬುದೂ ಇರುತ್ತದೆ. ಹೊಸ ದಾಖಲೆಗಳು ಆನ್‌ಲೈನ್‌ನಲ್ಲಿ ಕಾಣಿಸುವುದಿಲ್ಲ. ಜನನಕ್ಕೆ 100 ವರ್ಷ, ಮದುವೆಗೆ 75, ಮರಣಕ್ಕೆ 50 ಕಳೆದಿರಬೇಕು. ಅದಕ್ಕೂ ಈಚಿನದು ಬೇಕಿದ್ದರೆ ಎಡಿನ್‌ಬರಾದ ಜನರಲ್ ರಿಜಿಸ್ಟರ್ ಹೌಸ್‌ನಲ್ಲಿ ದಿನದ ಬಾಡಿಗೆಗೆ ಸೀಟು ಕಾದಿರಿಸಬಹುದು.

ಜನಗಣತಿ 1841ರಿಂದ 1921ರವರೆಗೆ ಹತ್ತು ವರ್ಷಕ್ಕೊಮ್ಮೆಯದು ಸಿಗುತ್ತದೆ. ಪುಟದ ಎಡತುದಿಯ ಅಂಕಿ ನೋಡಿ ಅದೇ ಮನೆ ನಂಬರ್ ಅಂದುಕೊಳ್ಳಬೇಡಿ. ಅದು ಗಣತಿದಾರನ ಫಾರಂ ಸಂಖ್ಯೆ. ಮನೆಯ ಗಂಡಸರು ಪಟ್ಟಿಯಲ್ಲಿ ಕಾಣದಿದ್ದರೂ ಗಾಬರಿ ಬೇಡ. ಆ ರಾತ್ರಿ ಮೀನಿಗೆ ಹೋಗಿರಬಹುದು. ದೋಣಿಗಳಲ್ಲಿದ್ದವರ ಗಣತಿ ಬೇರೆಯೇ ಇದೆ.

ವಿಳಾಸಕ್ಕೆ ನನ್ನ ಪ್ರಕಾರ ಗಣತಿಗಿಂತ ಒಳ್ಳೆಯದು ವ್ಯಾಲ್ಯುಯೇಶನ್ ರೋಲ್, ಅಂದರೆ ಆಸ್ತಿ ತೆರಿಗೆಗಾಗಿ ಬರೆದ ಪಟ್ಟಿ. ಮನೆ ಯಾರದು, ಯಾರು ಬಾಡಿಗೆಗೆ ಇದ್ದರು, ವರ್ಷಕ್ಕೆ ಎಷ್ಟು ಬೆಲೆ, ಎಲ್ಲ ಒಂದೇ ಸಾಲಿನಲ್ಲಿ. 1855ರಿಂದ 1940ರವರೆಗಿನ ಆಯ್ದ ವರ್ಷಗಳದ್ದು ಅದೇ ತಾಣದಲ್ಲಿದೆ. ನಿಮ್ಮವರ ಸಾಲನ್ನಷ್ಟೇ ನೋಡಿ ಪುಟ ಮುಚ್ಚಬೇಡಿ. ಆಚೆ ಈಚೆ ಹತ್ತು ಹೆಸರು ಬರೆದುಕೊಳ್ಳಿ. ನಂಬರ್ ಇಲ್ಲದ ವರ್ಷದಲ್ಲಿ ನೆರೆಹೊರೆಯವರೇ ನಿಮ್ಮ ಗುರುತು.

ಇಷ್ಟಾದ ಮೇಲೂ ಗೊಂದಲ ಇರುತ್ತದೆ. ಯಾಕೆಂದರೆ ಆ ಕೇರಿಯಲ್ಲಿ ಎಲ್ಲರ ಹೆಸರೂ ಒಂದೇ. ಕಲೆನ್‌ನಲ್ಲಿ ಫಿಂಡ್ಲೆ, ಗಾರ್ಡಿನರ್, ಆಡಿಸನ್ ಎಂಬ ಮನೆತನಗಳೇ ಜಾಸ್ತಿ. ಪಕ್ಕದ ಪೋರ್ಟ್‌ನಾಕಿಯಲ್ಲಿ ಮೇರ್, ವುಡ್. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವ ಪದ್ಧತಿ ಬೇರೆ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ನಮ್ಮ ಮನೆಯಿಂದ ಬಂದ ನನಗೆ ಇದು ಹೊಸದೇನಲ್ಲ, ಟೊರಾಂಟೊದವನಿಗೆ ಮಾತ್ರ ತಲೆ ಕೆಟ್ಟಿತು. ಒಂದೇ ಹೆಸರಿನ ನಾಲ್ಕಾರು ಜನ ಒಂದೇ ಕೇರಿಯಲ್ಲಿದ್ದರೆ ಏನು ಮಾಡುತ್ತಾರೆ? ಅಡ್ಡಹೆಸರು ಇಡುತ್ತಾರೆ. ಅದಕ್ಕೆ ಅಲ್ಲಿ ಟೀ-ನೇಮ್ ಎನ್ನುತ್ತಾರೆ. ಆ ಕರಾವಳಿಯಲ್ಲಿ ಲ್ಯಾಟಿನ್, ಶೇವಿ, ಕಾಸ್ಟಿ ಎಂಬಂಥವು ಇವೆ. ತೆರಿಗೆ ಪಟ್ಟಿಯಲ್ಲೂ ಕೆಲವೊಮ್ಮೆ ಹೆಸರಿನ ಪಕ್ಕ ಬರೆದಿರುತ್ತಾರೆ. ನಿಮ್ಮ ಮನೆಯ ಹಿರಿಯರಿಗೆ ಅಂಥ ಒಂದು ಅಡ್ಡಹೆಸರು ನೆನಪಿದೆಯಾ ಎಂದು ಹೊರಡುವ ಮೊದಲು ಕೇಳಿ. ಅಸಲಿ ಹೆಸರಿಗಿಂತ ಅದೇ ಉಪಯೋಗಕ್ಕೆ ಬರುತ್ತದೆ.

ನಕ್ಷೆಗೆ ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್‌ನ ತಾಣ ಸಾಕು, ಪೂರ್ತಿ ಉಚಿತ. ಮೈಲಿಗೆ 25 ಇಂಚಿನ ಹಳೇ ಆರ್ಡ್‌ನನ್ಸ್ ಸರ್ವೆ (ಬ್ರಿಟನ್ನಿನ ಸರ್ಕಾರಿ ಭೂಮಾಪನ ಸಂಸ್ಥೆ) ನಕ್ಷೆಯನ್ನೂ ಇವತ್ತಿನ ಉಪಗ್ರಹ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ಒಂದೊಂದು ಮನೆಯ ಆಕಾರವೂ ಕಾಣುತ್ತದೆ. ಮೊದಲ ಆವೃತ್ತಿಯಲ್ಲಿ ಊರಿನ ದೊಡ್ಡ ಗುರುತಾದ ರೈಲು ಸೇತುವೆ ಇರುವುದಿಲ್ಲ. ರೈಲು ಬಂದಿದ್ದು 1886ರಲ್ಲಿ. ಕಲೆನ್ ಹೌಸ್ ಎಂಬ ದೊಡ್ಡ ಬಂಗಲೆಯ ಜಮೀನ್ದಾರರು ತಮ್ಮ ತೋಟದೊಳಗೆ ಹಳಿ ಬೇಡ ಎಂದಿದ್ದರಿಂದ ಊರಿನ ನೆತ್ತಿಯ ಮೇಲೆ ಆ ಕಮಾನುಗಳನ್ನು ಕಟ್ಟಬೇಕಾಯಿತು. 1968ರಲ್ಲಿ ಆ ಮಾರ್ಗ ಮುಚ್ಚಿತು. ಈಗ ಅದರ ಮೇಲೆ ನಡೆಯಬಹುದು. ಮೊದಲು ಅಲ್ಲಿಗೇ ಹತ್ತಿ. ಕೆಳಗೆ ಇಡೀ ಸೀಟೌನ್ ಬಿಚ್ಚಿಟ್ಟ ಹಾಗೆ ಕಾಣುತ್ತದೆ. ಸಮುದ್ರದ ಗಾಳಿಗೆ ಗೋಡೆಯ ಬದಿ ಕೊಟ್ಟು ನಿಂತ ಮನೆಗಳು, ಕಿಟಕಿ ಬಾಗಿಲ ಸುತ್ತ ಬಣ್ಣದ ಪಟ್ಟಿ. ನಕ್ಷೆಯ ಪ್ರಿಂಟ್ ಕೈಯಲ್ಲಿದ್ದರೆ ಅಲ್ಲೇ ಅರ್ಧ ಲೆಕ್ಕ ಸಿಗುತ್ತದೆ.

ಹೋಗುವುದು ಸುಲಭ, ನಿಧಾನ ಅಷ್ಟೇ. ಈಗ ಕಲೆನ್‌ಗೆ ರೈಲಿಲ್ಲ. ಅಬರ್ಡೀನ್‌ನಿಂದ ಎಲ್ಗಿನ್‌ಗೆ ಹೋಗುವ 35ನೇ ನಂಬರ್ ಬಸ್ ಕರಾವಳಿಯ ಊರೂರು ನಿಲ್ಲಿಸಿಕೊಂಡು ಹೋಗುತ್ತದೆ. ಎರಡು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಇಲ್ಲವೇ ಎಲ್ಗಿನ್‌ವರೆಗೆ ರೈಲು, ಅಲ್ಲಿಂದ ಅದೇ ಬಸ್. ಎಲ್ಗಿನ್‌ನಲ್ಲಿ ಇಳಿದರೆ ಕೌನ್ಸಿಲ್‌ನ ಲೋಕಲ್ ಹೆರಿಟೇಜ್ ಸೆಂಟರ್ ನೋಡಿ. ಅವರ ಲಿಬಿಂಡೆಕ್ಸ್ ಸೂಚಿಯಲ್ಲಿ ಹೆಸರು ಹಾಕಿದರೆ ಹಳೇ ಪತ್ರಿಕೆ, ದಾಖಲೆಗಳಲ್ಲಿ ಎಲ್ಲಿದೆ ಎಂದು ತೋರಿಸುತ್ತದೆ. ಮೊದಲೇ ಇಮೇಲ್ ಮಾಡಿ ಹೋಗುವುದು ಒಳ್ಳೆಯದು. ಡಿಸೆಂಬರ್ ಬೇಡ, ಮೂರೂವರೆಗೆಲ್ಲ ಕತ್ತಲು. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ಆದರೂ ಜಾಕೆಟ್ ಬಿಟ್ಟು ಹೋಗಬೇಡಿ.

ಕೇರಿಯೊಳಗೆ ಸಂದಿಗಳು ತೀರ ಇಕ್ಕಟ್ಟು. ಸುಮ್ನೆ ಫೋಟೊ ಹೊಡೆಯುತ್ತಾ ಕಿಟಕಿಯೊಳಗೆ ಇಣುಕಿದರೆ ಯಾರಿಗೂ ಇಷ್ಟವಾಗದು. ನಾವು ಬಾಗಿಲಾಚೆ ಕೂತಿದ್ದ ಒಬ್ಬ ಅಜ್ಜಿಗೆ ತೆರಿಗೆ ಪಟ್ಟಿಯ ಪ್ರತಿ ತೋರಿಸಿದೆವು. ಅವರು ನಂಬರ್ ಓದಲೇ ಇಲ್ಲ. ಅಡ್ಡಹೆಸರು ಕೇಳಿದರು. ಹೇಳಿದ್ದೇ ತಡ, ಕೈ ತೋರಿಸಿದರು. ಹಿಂದಿನ ಸಾಲು, ಮೂಲೆಯ ಮನೆ. ನಕ್ಷೆಯಲ್ಲೂ ಅದೇ ಬಂತು. ಆ ನಂಬರ್ ಇಲ್ಲಿ ಹಾಕುವುದಿಲ್ಲ, ಈಗ ಅದು ಬೇರೆಯವರ ಮನೆ.

ಸ್ಮಶಾನಕ್ಕೂ ಸಮಯ ಇಡಿ. ಹಳೇ ಚರ್ಚ್ ಇರುವುದು ಈಗಿನ ಊರಲ್ಲಲ್ಲ, ಕಲೆನ್ ಹೌಸ್ ಹತ್ತಿರ. 1820ರ ದಶಕದಲ್ಲಿ ಹಳೇ ಊರನ್ನು ಅಲ್ಲಿಂದ ಎಬ್ಬಿಸಿ ಹೊಸದು ಕಟ್ಟಿದರು, ಚರ್ಚ್ ಮಾತ್ರ ಅಲ್ಲೇ ಉಳಿಯಿತು. ಸ್ಕಾಟ್ಲೆಂಡಿನಲ್ಲಿ ಕಲ್ಲಿನ ಮೇಲೆ ಹೆಂಗಸಿನ ತವರಿನ ಹೆಸರನ್ನೇ ಕೆತ್ತುತ್ತಾರೆ, ಅದು ದೊಡ್ಡ ಅನುಕೂಲ. ಅಕ್ಷರ ಮಸುಕಾಗಿದ್ದರೆ ಸೀಮೆಸುಣ್ಣ ಉಜ್ಜಬೇಡಿ, ಕಲ್ಲು ಹಾಳಾಗುತ್ತದೆ. ಸಂಜೆಯ ಓರೆ ಬಿಸಿಲಿನಲ್ಲಿ ಓದಿ, ಇಲ್ಲವೇ ಪಕ್ಕದಿಂದ ಟಾರ್ಚ್ ಬಿಡಿ.

ಉಳಿಯಲು ಸೀಟೌನ್‌ನಲ್ಲೇ ಅನೇಕ ಹಳೇ ಮನೆಗಳು ಬಾಡಿಗೆಗೆ ಸಿಗುತ್ತವೆ. ನಿಮ್ಮ ಹುಡುಕಾಟದ ಮನೆಯೇ ಆ ಪಟ್ಟಿಯಲ್ಲಿದ್ದರೂ ಇರಬಹುದು, ಬುಕ್ ಮಾಡುವ ಮೊದಲು ನೋಡಿ. ಬೇಸಿಗೆಯಲ್ಲಿ ಬೇಗ ತುಂಬುತ್ತವೆ. ಹಿಂದಿರುಗುವ ಬಸ್ಸಿನ ಸಮಯವನ್ನೂ ಬರೆದಿಟ್ಟುಕೊಳ್ಳಿ, ಭಾನುವಾರ ಬಸ್ ಕಡಿಮೆ.