ಗ್ಯಾರೇಜಿನಲ್ಲೊಂದು ಮರಗೆಲಸದ ಕೊಠಡಿ

ಕುವೆಂಪುನಗರದ ನಮ್ಮ ಮನೆಯ ಗ್ಯಾರೇಜು ಈ ವಾರ ಪೂರ್ಣವಾಗಿ ಮರಗೆಲಸದ ಕೊಠಡಿಯಾಗಿದೆ. ಗೋಡೆಗೆ ಸುಣ್ಣ ಬಳಿಸಿ ನೆಲವನ್ನು ಮಟ್ಟ ಮಾಡಿಸಿದ್ದು ಬೇಗ ಮುಗಿಯಿತು; ಹೆಚ್ಚು ಯೋಚನೆಯನ್ನು ಬೇಡಿದ್ದು ವಿದ್ಯುತ್ತಿನ ಕೆಲಸ. ಗರಗಸದ ಯಂತ್ರಕ್ಕೆಂದು 16 ಆಂಪಿಯರಿನ ಪ್ಲಗ್ಗಿಗೆ ಮುಖ್ಯ ಬೋರ್ಡಿನಿಂದಲೇ 4 ಚದರ ಮಿ.ಮೀ. ತಾಮ್ರದ ತಂತಿಯನ್ನು ಪ್ರತ್ಯೇಕವಾಗಿ ಎಳೆಸಿ, ಸರಿಯಾದ ಅರ್ಥಿಂಗ್ ಕೊಡಿಸಿ, 30 ಮಿಲಿಆಂಪಿಯರಿನಷ್ಟು ವಿದ್ಯುತ್ ಸೋರಿದರೂ ಸಂಪರ್ಕವನ್ನು ಕಡಿದುಹಾಕುವ ಆರ್‌ಸಿಸಿಬಿಯನ್ನು ಹಾಕಿಸಿದ್ದೇನೆ. ಮಕ್ಕಳು ಓಡಾಡುವ ಮನೆಯಲ್ಲಿ ಈ ಖರ್ಚಿಗೆ ಮಾತ್ರ ಯಾರೂ ಹಿಂದೆಮುಂದೆ ನೋಡಬಾರದು.

ಕೆಲಸದ ಮೇಜು ನಿಂತಾಗ ನನ್ನ ಮಣಿಕಟ್ಟಿನ ಮಟ್ಟಕ್ಕೆ ಬರುತ್ತದೆ, ಏಕೆಂದರೆ ಕೀಸುಳಿಯನ್ನು ತಳ್ಳುವಾಗ ತೋಳಿನ ಬಲಕ್ಕಿಂತ ಮೈಭಾರವೇ ಹೆಚ್ಚು ಕೆಲಸ ಮಾಡಬೇಕು. ಅದರ ಅಂಚಿಗೆ ಮರವನ್ನು ಬಿಗಿಯಾಗಿ ಹಿಡಿದಿಡುವ ವೈಸ್, ಎದುರಿನ ಗೋಡೆಯ ಹಲಗೆಯ ಮೇಲೆ ಕೊಡತಿ, ಕೈಗರಗಸ, ಉಳಿಗಳು. ಅವುಗಳಲ್ಲಿ ಒಂದು ತಾತನವರದು. ಅದರ ಬೀಟೆ ಮರದ ಹಿಡಿ ಹೆಬ್ಬೆರಳು ಕೂರುವ ಕಡೆ ಸವೆದು ನುಣುಪಾಗಿದೆ. ಅಲಗನ್ನು ಸಾಣೆಕಲ್ಲಿನ ಮೇಲೆ 25 ಡಿಗ್ರಿ ಓರೆಯಲ್ಲಿ ಮಸೆದು, ಮಳೆಗಾಲದ ತೇವಕ್ಕೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿಟ್ಟಿದ್ದೇನೆ.

ಬೀಟೆ ಮರದಲ್ಲಿ ಬಣ್ಣಬಣ್ಣದ ಮರದ ತುಣುಕುಗಳನ್ನು ಕೂರಿಸುವ ಕುಸುರಿ ಕೆಲಸಕ್ಕೆ ಹೆಸರಾದ ಈ ಮೈಸೂರಿನಲ್ಲಿ, ಪುಟ್ಟ ಕೋಣೆಯೊಂದರಲ್ಲಿ ಕುಳಿತೇ ಕೂದಲೆಳೆಯಷ್ಟು ಸಂದೂ ಬಿಡದೆ ಚಿತ್ರ ಮೂಡಿಸುವ ಕುಶಲಕರ್ಮಿಗಳನ್ನು ನೆನೆದಾಗ, ಕೈಗೆ ಬರಬೇಕಾದ ಹದ ಎಷ್ಟು ದೊಡ್ಡದೆಂಬುದು ಅರಿವಾಗುತ್ತದೆ. ಸದ್ಯ ಅಮ್ಮ ಕೇಳಿರುವ ದೇವರಮನೆಯ ಮಣೆಗೆ ಹಲಸಿನ ಹಲಗೆ ತಂದಿದ್ದೇನೆ. ಭಾನುವಾರ ಅದನ್ನು ಕೊಯ್ಯಲು ತೊಡಗುತ್ತೇನೆ.