ಹುಳು ಮನೆಯ ಸ್ಪೀಕರ್: ಡಬ್ಬಿ ಮುಗಿಯಿತು, ಇನ್ನು ಕೋಣೆಯ ಸರದಿ

ಸಂಕ್ರಾಂತಿ ಮುಗಿದ ವಾರ

ಸ್ಪೀಕರಿನ ಎರಡೂ ಡಬ್ಬಿ ರೆಡಿ. 18 ಎಂಎಂ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಒಳಗೆ ಸುಮಾರು 13 ಲೀಟರ್ ಜಾಗ, ತಗ್ಗಿನ ಸದ್ದಿಗೆ ಆರೂವರೆ ಇಂಚಿನ ವೂಫರ್, ಮೇಲಿನ ಸದ್ದಿಗೆ ಒಂದು ಇಂಚಿನ ಟ್ವೀಟರ್, ಹಿಂಬದಿಗೆ ಪೋರ್ಟ್, ಅಂದರೆ ಗಾಳಿ ಕೊಳವೆ. ಟ್ವೀಟರ್‌ನ ಗುಮ್ಮಟ ರೇಷ್ಮೆ ಬಟ್ಟೆಯದು. ರೇಷ್ಮೆಯ ಊರು ಶಿಡ್ಲಘಟ್ಟದಲ್ಲಿ ಕೂತುಕೊಂಡು ಕೊರಿಯರ್‌ನಲ್ಲಿ ರೇಷ್ಮೆ ತರಿಸಿಕೊಂಡವನು ನಾನೊಬ್ಬನೇ ಇರಬೇಕು.

ಇವನ್ನು ಇಡುವುದು ತಾತನ ಕಾಲದ ಹುಳು ಮನೆಯಲ್ಲಿ. ರೇಷ್ಮೆ ಹುಳು ಸಾಕುವುದು ನಿಂತು ಬಹಳ ವರ್ಷ ಆಯಿತು, ಹೆಸರು ಮಾತ್ರ ಹಾಗೇ ಉಳಿದಿದೆ. 12 ಅಡಿ ಉದ್ದ, 10 ಅಡಿ ಅಗಲ, 11 ಅಡಿ ಎತ್ತರ. ಗೋಡೆ ಕಲ್ಲಿನದು, ಮೇಲೆ ಕಲ್ಲು ಚಪ್ಪಡಿ, ಕೆಳಗೆ ಗಾರೆ ನೆಲ. ಮಧ್ಯೆ ನಿಂತು ಒಂದು ಚಪ್ಪಾಳೆ ತಟ್ಟಿದರೆ ಹಿಂದೆಯೇ ‘ಟರ್ರ್’ ಅಂತ ಕೇಳುತ್ತದೆ. ಎದುರುಬದುರು ಗೋಡೆಗಳ ನಡುವೆ ಸದ್ದು ಹೋಗಿ ಬಂದು ಮಾಡುತ್ತಿದೆ ಅಂತ ಅರ್ಥ.

ಸ್ಟ್ಯಾಂಡಿಗೆ ದುಡ್ಡು ಖರ್ಚಾಗಲಿಲ್ಲ. ದ್ರಾಕ್ಷಿ ಚಪ್ಪರ ಕಿತ್ತಾಗ ಉಳಿದಿದ್ದ ಕಲ್ಲು ಕಂಬದಿಂದ ಎರಡು ತುಂಡು ಮಾಡಿಸಿದೆ. ಅದರ ಮೇಲೆ ಸೈಕಲ್ ಟ್ಯೂಬಿನ ಚೂರು, ಅದರ ಮೇಲೆ ಡಬ್ಬಿ. ಕುರ್ಚಿಯಲ್ಲಿ ಕೂತರೆ ಟ್ವೀಟರ್ ಸರಿಯಾಗಿ ಕಿವಿಯ ಎತ್ತರಕ್ಕೆ ಬರುತ್ತದೆ. ಇದು ಮುಖ್ಯ. ಮೇಲಿನ ಸದ್ದು ನೇರಕ್ಕೆ ಹೋಗುವ ಜಾತಿಯದು. ಎತ್ತರ ತಪ್ಪಿದರೆ ವೂಫರ್ ಮತ್ತು ಟ್ವೀಟರ್ ಕೂಡುವ ಜಾಗದಲ್ಲೇ ದನಿ ಸೊರಗುತ್ತದೆ.

ಶಿವರಾತ್ರಿಗೆ ಮುಂಚೆ

ಹಾಡು ಹಾಕಿದ್ದಾಯಿತು. ಮಧ್ಯದ ದನಿ ಚೆನ್ನಾಗಿದೆ. ಆದರೆ ಬೇಸ್ ಗಿಟಾರ್ ಇರುವ ಯಾವ ಹಾಡು ಹಾಕಿದರೂ ಒಂದೇ ಒಂದು ಸ್ವರ ‘ಗುಂಯ್’ ಅಂತ ಎದ್ದು ನಿಲ್ಲುತ್ತದೆ. ಅದರ ಅಕ್ಕಪಕ್ಕದ ಸ್ವರಗಳು ಸುಮ್ನೆ ಇರುತ್ತವೆ.

ಗೋಡೆಯಿಂದ ಗೋಡೆಗೆ ಹೋಗಿ ಬರುವ ಸದ್ದಿನಿಂದ ಕೋಣೆಯೇ ಒಂದು ಸ್ವರವನ್ನು ಎತ್ತಿ ಹಿಡಿಯುತ್ತದೆ. ಅದು ಯಾವುದು ಅನ್ನುವ ಲೆಕ್ಕ ಸುಲಭ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಬೇಕು. 12 ಅಡಿ ಅಂದರೆ 3.66 ಮೀಟರ್. ಉತ್ತರ 47 ಹರ್ಟ್ಜ್, ಅಂದರೆ ಸೆಕೆಂಡಿಗೆ 47 ಕಂಪನ. ಬೇಸ್ ಗಿಟಾರ್‌ನ ಅತಿ ತಗ್ಗಿನ ತಂತಿ 41 ಹರ್ಟ್ಜ್, ಅಲ್ಲಿಂದ ಎರಡು ಮೆಟ್ಟಿಲು ಮೇಲೆ ಹೋದರೆ 46. ಸಿಕ್ಕಿಬಿತ್ತಲ್ವಾ.

ಇನ್ನು ನನ್ನ ಪೋರ್ಟ್ ಟ್ಯೂನ್ ಆಗಿರುವುದು, ಅಂದರೆ ಅದರ ಗಾಳಿ ಜೋರಾಗಿ ಮಿಡಿಯುವುದು, ಎಷ್ಟಕ್ಕೆ ಅಂದುಕೊಂಡಿರಿ? ಅದೂ 47ರ ಆಸುಪಾಸು! ಕೋಣೆ ಎಲ್ಲಿ ಕೂಗುತ್ತದೋ ಅಲ್ಲೇ ಪೋರ್ಟ್ ಕೂಡ ದನಿಗೂಡಿಸುತ್ತಿದೆ. ವೂಫರ್ ಜೊತೆ ಬಂದ ಹಾಳೆಯಲ್ಲಿ ಇದ್ದ ಡಬ್ಬಿಯೇ ಇದು. ಹಾಳೆ ಬರೆದವರಿಗೆ ನಮ್ಮ ಹುಳು ಮನೆ ಹೇಗೆ ಗೊತ್ತಾಗಬೇಕು? ಪೋರ್ಟ್ ಇರುವ ಡಬ್ಬಿಯನ್ನು ಅಂದಾಜಿನಲ್ಲಿ ಅಲ್ಲದೆ ಲೆಕ್ಕ ಹಾಕಿ ಕಟ್ಟುವ ದಾರಿ ತೋರಿಸಿದವರು ಆಸ್ಟ್ರೇಲಿಯಾದ ನೆವಿಲ್ ಥೀಲ್, 1961ರಲ್ಲಿ. 70ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಮುಂದುವರಿಸಿದರು. ಇವತ್ತಿಗೂ ಎಲ್ಲರೂ ಆ ಲೆಕ್ಕವನ್ನೇ ಹಿಡಿಯುತ್ತಾರೆ. ಆದರೆ ಅದರಲ್ಲಿ ವೂಫರ್ ಇದೆ, ಡಬ್ಬಿ ಇದೆ, ಕೋಣೆ ಇಲ್ಲ.

ಕಲ್ಲಿನ ಮನೆಯಲ್ಲಿ ಇದು ಇನ್ನೂ ಜಾಸ್ತಿ. ಅಮೆರಿಕದ ಎಷ್ಟೋ ಮನೆಗಳ ಒಳಗೋಡೆ ಮರದ ಚೌಕಟ್ಟಿಗೆ ಹೊಡೆದ ಜಿಪ್ಸಂ ಹಲಗೆ. ಅದು ಬೇಸ್‌ಗೆ ಅಲುಗಾಡಿ ಒಂದಷ್ಟನ್ನು ತಾನೇ ನುಂಗುತ್ತದೆ, ಒಂದಷ್ಟನ್ನು ಆಚೆಗೆ ಬಿಡುತ್ತದೆ. ನಮ್ಮ ಗೋಡೆ ಒಂದು ಹನಿಯನ್ನೂ ಬಿಡುವುದಿಲ್ಲ. ಅಲ್ಲಿನವರ ಸಲಹೆಯನ್ನು ಇಲ್ಲಿ ಹಾಗೇ ಪಾಲಿಸಿದರೆ ಬೇಸ್ ಅತಿ ಆಗುವುದು ಖಂಡಿತ.

ಅದೇ ವಾರ, ಮುಂದುವರಿದದ್ದು

ಪೋರ್ಟಿಗೆ ಸ್ಪಂಜ್ ಸುತ್ತಿ ಬಿಗಿಯಾಗಿ ತುರುಕಿದೆ. ಈಗ ಅದು ಹೆಚ್ಚುಕಮ್ಮಿ ಮುಚ್ಚಿದ ಡಬ್ಬಿ. ಗುಂಯ್ ಪೂರ್ತಿ ಹೋಗಲಿಲ್ಲ, ಆದರೆ ಹಾಡು ಕೇಳುವ ಮಟ್ಟಕ್ಕೆ ಬಂತು.

ಕಾರಣ ಇದು. ಪೋರ್ಟ್ ಇದ್ದರೆ ಟ್ಯೂನಿಂಗ್‌ವರೆಗೂ ಬೇಸ್ ಗಟ್ಟಿಯಾಗಿರುತ್ತದೆ, ಅದರ ಕೆಳಗೆ ಧಡಕ್ಕನೆ ಬೀಳುತ್ತದೆ, ಹರ್ಟ್ಜ್ ಅರ್ಧ ಆದಾಗೆಲ್ಲ (ಇದೇ ಒಂದು ಆಕ್ಟೇವ್) 24 ಡೆಸಿಬಲ್. ಮುಚ್ಚಿದ ಡಬ್ಬಿಯಲ್ಲಿ ಇಳಿತ ಮೇಲಿನಿಂದಲೇ ಶುರುವಾಗುತ್ತದೆ, ಆದರೆ ನಿಧಾನ, 12 ಡೆಸಿಬಲ್. ಸಣ್ಣ ಕೋಣೆಯ ಬಾಗಿಲು ಹಾಕಿದರೆ ಕೆಳಗಿನ ಬೇಸ್‌ಗೆ ಕೋಣೆಯೇ ಒಂದಿಷ್ಟು ಬಲ ಕೊಡುತ್ತದೆ. ನಿಧಾನದ ಇಳಿತಕ್ಕೂ ಈ ಬಲಕ್ಕೂ ಸರಿಹೋಗುತ್ತದೆ. 1954ರಲ್ಲಿ ಎಡ್ಗರ್ ವಿಲ್ಚರ್ ಎಆರ್-1 ಅನ್ನುವ ಸ್ಪೀಕರ್ ತಂದಾಗ ಒಳಗೆ ಸಿಕ್ಕಿಕೊಂಡ ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡು ಸಣ್ಣ ಡಬ್ಬಿಯಲ್ಲಿ ಆಳದ ಬೇಸ್ ತೆಗೆದಿದ್ದರು. ಬಿಬಿಸಿಯವರು 70ರ ದಶಕದಲ್ಲಿ ಪ್ರಸಾರದ ವ್ಯಾನಿನ ಇಕ್ಕಟ್ಟಿಗೆ ಮಾಡಿದ ಎಲ್‌ಎಸ್3/5ಎ ಕೂಡ ಮುಚ್ಚಿದ ಡಬ್ಬಿಯೇ. ಪೋರ್ಟ್ ಇಲ್ಲದಿದ್ದರೆ ಸ್ಪೀಕರ್ ಅರೆಬರೆ ಅನ್ನುವವರಿಗೆ ಇದನ್ನು ಹೇಳಬೇಕು ಅನ್ನಿಸಿತು, ಹೇಳಿದೆ.

ಕುರ್ಚಿ ಜರುಗಿಸಿದ ಭಾನುವಾರ

ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಕೂತರೆ 47 ಹರ್ಟ್ಜ್ ಅತಿ ಜೋರು. ಕುರ್ಚಿಯನ್ನು ಸರಿಯಾಗಿ ಕೋಣೆಯ ಮಧ್ಯಕ್ಕೆ ತಂದರೆ ಅದೇ ಸ್ವರ ಮಾಯ. ಲ್ಯಾಪ್‌ಟಾಪ್‌ನಲ್ಲಿ ಟೋನ್ ಹಾಕಿ, ತಲೆಯನ್ನು ಮುಂದಕ್ಕೂ ಹಿಂದಕ್ಕೂ ಆಡಿಸಿ ನೋಡಿ. ನಂಬಲಾರಿರಿ. ಒಂದು ಹೆಜ್ಜೆಗೆ ಸ್ಪೀಕರ್ ಬದಲಾದ ಹಾಗಿರುತ್ತದೆ. ಗೋಡೆ ಹತ್ತಿರ ಒತ್ತಡ ಜಾಸ್ತಿ, ನಡುವೆ ಸೊನ್ನೆ, ಅಷ್ಟೇ.

ಉದ್ದದ ನೂರಕ್ಕೆ 38ರಷ್ಟು ದೂರದಲ್ಲಿ ಕೂರಿ ಅಂತ ಹಳಬರು ಹೇಳುತ್ತಾರೆ. ನನ್ನ ಕೋಣೆಗೆ ಅದು ಹಿಂದಿನ ಗೋಡೆಯಿಂದ ನಾಲ್ಕೂವರೆ ಅಡಿ. ಅಲ್ಲಿ ಅಳೆದೆ. ಅಳೆಯೋಕೆ ಒಂದು ಅಳತೆ ಮೈಕು, ಜೊತೆಗೆ ರೂಮ್ ಇಕ್ಯೂ ವಿಝರ್ಡ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್. 20ರಿಂದ 20,000 ಹರ್ಟ್ಜ್‌ವರೆಗೆ ‘ಊ...ಈ’ ಅಂತ ಒಂದು ಸದ್ದು ಬಿಡುತ್ತದೆ, ಗೆರೆ ಬರೆದು ತೋರಿಸುತ್ತದೆ. ಆ ಸದ್ದಿಗೆ ಬೀದಿ ನಾಯಿಗಳೆಲ್ಲ ಎದ್ದು ಬೊಗಳಿದವು, ಇನ್ನೊಮ್ಮೆ ಅಳೆಯಬೇಕಾಯಿತು. ಗೆರೆ ನೇರ ಏನಲ್ಲ. ಆದರೆ ಗುಡ್ಡವೂ ಇಲ್ಲ, ಬಾವಿಯೂ ಇಲ್ಲ.

ಯುಗಾದಿ ಹೊತ್ತಿಗೆ

ಈಗ ಗೋಡೆಯ ವಿಷಯ. ಇದೇ ನನಗೆ ಜಾಸ್ತಿ ತಲೆ ತಿಂದದ್ದು.

ಬೇಸ್ ಸದ್ದು ಡಬ್ಬಿಯ ಹಿಂದಕ್ಕೂ ಹರಡಿಕೊಳ್ಳುತ್ತದೆ, ಗೋಡೆಗೆ ಬಡಿದು ಮುಂದೆ ಬರುತ್ತದೆ. ಹೋಗಿ ಬರುವ ದಾರಿ ಅರ್ಧ ಅಲೆಯಷ್ಟಾದರೆ ಮುಂದಿನ ಸದ್ದನ್ನು ಅದೇ ಅಳಿಸುತ್ತದೆ. ಸ್ಪೀಕರ್ ಮುಖ ಗೋಡೆಯಿಂದ ಎರಡೂವರೆ ಅಡಿ ಮುಂದಿದ್ದರೆ ಸುಮಾರು 113 ಹರ್ಟ್ಜ್‌ನಲ್ಲಿ ಗುಂಡಿ. ಅದು ಗಂಡಸರ ದನಿಯ ಬುಡಕ್ಕೇ ಬೀಳುತ್ತದೆ. ಮುಖ 33 ಸೆಂಟಿಮೀಟರ್‌ನಲ್ಲಿದ್ದರೆ ಗುಂಡಿ 260ಕ್ಕೆ ಏರುತ್ತದೆ. ಅಲ್ಲಿ ಹತ್ತಿಯ ದಿಂಬಿಗೂ ಸ್ವಲ್ಪ ಕೆಲಸ ಮಾಡಲು ಆಗುತ್ತದೆ.

ಅಮ್ಮನ ವಾದ ಇನ್ನೂ ಸರಳ. “ನಡುಮಧ್ಯ ತಂದಿಟ್ರೆ ನಾನು ಹಿತ್ತಲಿಗೆ ಹೋಗೋದು ಹೇಗೋ?” ಅಂದರು. ಹೀಗಾಗಿ ಗೋಡೆಗೆ ಹತ್ತಿರವೇ ಗಟ್ಟಿಯಾಯಿತು. ಡಬ್ಬಿಯ ಹಿಂದೆ ಮೂರು ಇಂಚು ಸಂದು, ಅದರಲ್ಲಿ ಬೂರುಗದ ಹತ್ತಿಯ ದಿಂಬು.

ಆದರೆ ಗೋಡೆಗೆ ಹತ್ತಿರ ಇಟ್ಟರೆ ಕ್ರಾಸ್‌ಓವರ್, ಅಂದರೆ ತಗ್ಗಿನ ಸದ್ದನ್ನು ವೂಫರಿಗೂ ಮೇಲಿನದನ್ನು ಟ್ವೀಟರಿಗೂ ಹಂಚುವ ಸರ್ಕ್ಯೂಟ್, ಕೂಡ ಬದಲಾಗಬೇಕು. ನನ್ನ ಡಬ್ಬಿಯ ಅಗಲ 22 ಸೆಂಟಿಮೀಟರ್. 115ನ್ನು ಮೀಟರ್ ಲೆಕ್ಕದ ಅಗಲದಿಂದ ಭಾಗಿಸಿದರೆ ಸುಮಾರು 520 ಹರ್ಟ್ಜ್. ಇದರ ಮೇಲಿನ ಸದ್ದನ್ನು ಡಬ್ಬಿಯ ಮುಖವೇ ಮುಂದಕ್ಕೆ ತಳ್ಳುತ್ತದೆ, ಕೆಳಗಿನದು ಸುತ್ತಲೂ ಸೋರಿಹೋಗುತ್ತದೆ. ಬಯಲಲ್ಲಿ ಇಟ್ಟರೆ ಹೀಗೆ 6 ಡೆಸಿಬಲ್‌ವರೆಗೆ ನಷ್ಟ. ಅದನ್ನು ತುಂಬಿಕೊಡಲು ವೂಫರ್ ಸಾಲಿಗೆ ದೊಡ್ಡ ಕಾಯಿಲ್ (ಸುತ್ತಿದ ತಾಮ್ರದ ತಂತಿ) ಹಾಕಿ ಮೇಲಿನದನ್ನು ತಗ್ಗಿಸುತ್ತಾರೆ. ನನ್ನಲ್ಲಿ ನಷ್ಟದ ಒಂದು ಪಾಲನ್ನು ಗೋಡೆಯೇ ತುಂಬಿಕೊಡುತ್ತಿದೆ. ದೊಡ್ಡ ಕಾಯಿಲೂ ಇದ್ದರೆ ದನಿ ಮಂಕು. ಹಾಡುವವರು ಮುಖಕ್ಕೆ ಕಂಬಳಿ ಹೊದ್ದು ಹಾಡಿದ ಹಾಗೆ.

ಹೊಸದು ತರಿಸುವ ಬದಲು ಇದ್ದ 1.8 ಮಿಲಿಹೆನ್ರಿ ಕಾಯಿಲನ್ನೇ ಬಿಚ್ಚಿದೆ. ಸುತ್ತು ಅರ್ಧ ಆದರೆ ಇಂಡಕ್ಟೆನ್ಸ್, ಅಂದರೆ ಆ ಮಿಲಿಹೆನ್ರಿ ಅಳತೆ, ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ, ಅದಕ್ಕೇ ಅವಸರ ಕೂಡದು. ನಾಲ್ಕೈದು ಸುತ್ತು ಬಿಚ್ಚುವುದು, ತಂತಿಯ ತುದಿಯ ವಾರ್ನಿಷ್ ಉಪ್ಪು ಕಾಗದದಲ್ಲಿ ಕೆರೆದು ತಾಮ್ರ ಮಿಂಚುವ ತನಕ ತಿಕ್ಕುವುದು, ಮೀಟರ್ ಹಿಡಿಯುವುದು, ಮತ್ತೆ ಬಿಚ್ಚುವುದು. ಜಗಲಿ ಮೇಲೆ ಕೂತು ಇದನ್ನು ಮಾಡುತ್ತಿದ್ದಾಗ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಪಕ್ಕದ ಮನೆಯ ರೀಲರ್ ಅಣ್ಣ ನಿಂತು ನೋಡಿದರು. “ಏನಪ್ಪಾ, ನೀನೂ ನೂಲು ಬಿಚ್ಚೋಕೆ ಕೂತ್ಬಿಟ್ಯಾ? ಇದು ಕೆ.ಜಿ.ಗೆ ಏನು ರೇಟು?” ತಾಮ್ರದ ರೇಟು ಹೇಳಿದೆ. ರೇಷ್ಮೆಯೇ ವಾಸಿ ಅಂತ ಹೊರಟರು.

1.3 ಮಿಲಿಹೆನ್ರಿಗೆ ನಿಲ್ಲಿಸಿದೆ. ಒಂದು ಕಡೆ ಹೊಸ ಕಾಯಿಲ್, ಇನ್ನೊಂದು ಕಡೆ ಹಳೆಯದು ಹಾಕಿ ಕೇಳಿದೆ. ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರು ನಮ್ಮ ತಾಲ್ಲೂಕಿನವರು, 2023ರಲ್ಲಿ ತಮಟೆಗೆ ಪದ್ಮಶ್ರೀ ಪಡೆದವರು. ಹಾಗಾಗಿ ನಮ್ಮಲ್ಲಿ ಸ್ಪೀಕರ್ ಪರೀಕ್ಷೆ ಅಂದರೆ ತಮಟೆಯೇ ಆಗಬೇಕು, ಬೇರೆ ಮಾತಿಲ್ಲ. ಹಳೆಯ ಕಾಯಿಲ್ ಕಡೆ ಪೆಟ್ಟು ಕೇಳಿಸುತ್ತದೆ, ಚರ್ಮ ಕೇಳಿಸುವುದಿಲ್ಲ. ಹೊಸದರ ಕಡೆ ಕಡ್ಡಿಯ ಚುರುಕು ಪೆಟ್ಟು ಬೇರೆ, ದಪ್ಪ ಕೋಲಿನ ಪೆಟ್ಟು ಬೇರೆ.

ಮೊನ್ನೆ

ಪಕ್ಕದ ಗೋಡೆಗೆ ಕನ್ನಡಿ ಹಿಡಿದು ಜರುಗಿಸುತ್ತಾ ಹೋಗಲು ಅಳಿಯನಿಗೆ ಹೇಳಿದೆ. ಕುರ್ಚಿಯಿಂದ ನೋಡಿದಾಗ ಕನ್ನಡಿಯಲ್ಲಿ ಟ್ವೀಟರ್ ಕಂಡ ಜಾಗಕ್ಕೆ ಸೀಮೆಸುಣ್ಣದ ಗುರುತು. ಮೊದಲ ಪ್ರತಿಫಲನ ಬರುವುದು ಅಲ್ಲಿಂದಲೇ. ಅಲ್ಲಿ ಕುರಿ ಉಣ್ಣೆಯ ಕಂಬಳಿಯನ್ನು ಎರಡು ಮಡಿಕೆ ಮಾಡಿ, ಗೋಡೆಯಿಂದ ನಾಲ್ಕು ಇಂಚು ಬಿಟ್ಟು ತೂಗುಹಾಕಿದೆ. ಗೋಡೆಗೆ ಅಂಟಿಸಿದರೆ ಪ್ರಯೋಜನ ಕಮ್ಮಿ. ಗೋಡೆಯ ಮೈಗೆ ತಾಗಿದಲ್ಲಿ ಗಾಳಿ ಅಲುಗುವುದೇ ಇಲ್ಲ, ಅಲುಗದ ಗಾಳಿಯನ್ನು ಉಣ್ಣೆ ತಡೆಯುವುದಾದರೂ ಹೇಗೆ?

ಹಿಂದಿನ ಗೋಡೆಗೆ ಅಟ್ಟದ ಮೇಲಿದ್ದ ಎರಡು ಹಳೆಯ ಚಂದ್ರಿಕೆ. ಹುಳು ಗೂಡು ಕಟ್ಟಲಿ ಅಂತ ಬಿದಿರಿನ ಪಟ್ಟಿಯನ್ನು ಸುರುಳಿ ಸುತ್ತಿ ಮಾಡಿರುತ್ತಾರಲ್ಲ, ಅದೇ. ಸದ್ದು ಚದುರಿಸುತ್ತದೆ ಅಂತ ಆಸೆ ಇತ್ತು. ಪಟ್ಟಿಯ ಆಳ ಎರಡು ಇಂಚು ಚಿಲ್ಲರೆ, ಹಾಗಾಗಿ ಮಾಡುವುದಿದ್ದರೂ 1,400 ಹರ್ಟ್ಜ್‌ನಿಂದ ಮೇಲೆ ಮಾತ್ರ. ಚಪ್ಪಾಳೆಯ ‘ಟರ್ರ್’ ಕಡಿಮೆ ಆಗಿದೆ ನಿಜ, ಅದರ ಪುಣ್ಯ ಹೆಚ್ಚಾಗಿ ಕಂಬಳಿಗೆ ಸೇರಬೇಕು. ಚಂದ್ರಿಕೆ ನೋಡಲು ಚಂದ, ತೆಗೆಯುವುದಿಲ್ಲ.

ಬಾಕಿ ಕೆಲಸ: ಎರಡನೇ ಕಾಯಿಲ್ ಬಿಚ್ಚಬೇಕು. ಕಾಯಿಲ್ ಚಿಕ್ಕದಾದ್ದರಿಂದ 2,400ಕ್ಕೆ ಇದ್ದ ಕ್ರಾಸ್‌ಓವರ್ ಬಿಂದು ಮೇಲೆ ಸರಿದಿದೆ, ಟ್ವೀಟರ್ ಸಾಲಿನ ಕೆಪಾಸಿಟರ್ ಬದಲಿಸಬೇಕು. ಅದಕ್ಕೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಬೇಕು. ಸ್ಪಂಜ್ ತೆಗೆದು ಪೋರ್ಟನ್ನು ಎಂಡಿಎಫ್ ಬಿಲ್ಲೆ ಅಂಟಿಸಿ ಕಾಯಂ ಮುಚ್ಚಬೇಕು. ಪೇಂಟ್ ಯಾವ ಬಣ್ಣ ಅಂತ ಮನೆಯಲ್ಲಿ ಇನ್ನೂ ಒಮ್ಮತ ಇಲ್ಲ.