ಮಧ್ಯಾಹ್ನದ ಬಿಸಿಲು ಮನೆಯೊಳಗೆ ಬರುವುದು ರಾತ್ರಿ 9ಕ್ಕೆ

ಒಂದು ದಿನ ನಮ್ಮ ಮನೆಯಲ್ಲಿ ಬೆಳಿಗ್ಗೆ 6ಕ್ಕೆ ಹೀಟರ್ ಓಡಿತು. ಅದೇ ದಿನ ರಾತ್ರಿ 10ಕ್ಕೆ ಏಸಿ ಓಡಿತು. ಅತ್ತೆ ಸ್ವೆಟರ್ ಹಾಕಿಕೊಂಡು ಕೂತಿದ್ದರು, ನಮ್ಮವರು ಬನಿಯನ್‌ನಲ್ಲಿ ಓಡಾಡುತ್ತಿದ್ದರು. ನಾನು ರಿಮೋಟ್ ತೆಗೆದು ದಿಂಬಿನ ಕೆಳಗೆ ಬಚ್ಚಿಟ್ಟೆ.

ಕಡು ಬೇಸಿಗೆಯೂ ಕಡು ಚಳಿಯೂ ನನಗೆ ಅಷ್ಟು ತಲೆನೋವಲ್ಲ. ಏನು ಮಾಡಬೇಕು ಅಂತ ಗೊತ್ತಿರುತ್ತದೆ, ಮಾಡುತ್ತೇವೆ. ಕಾಡುವುದು ಈ ನಡುವಿನ ಕೆಲವು ವಾರಗಳು. ಬೆಳಿಗ್ಗೆ 11 ಡಿಗ್ರಿ, ಮಧ್ಯಾಹ್ನ 31. ಯಾವ ಕಡೆಗೆ ವಾಲುವುದು?

ಜಗಳ ನೋಡಿ ಸಾಕಾಗಿ ಎರಡು ಚಿಕ್ಕ ಡಿಜಿಟಲ್ ಥರ್ಮಾಮೀಟರ್ ತಂದೆ. ಉಷ್ಣಾಂಶದ ಜೊತೆ ತೇವಾಂಶವನ್ನೂ ತೋರಿಸುವಂಥವು. ಒಂದನ್ನು ಬಾಲ್ಕನಿಯ ನೆರಳಲ್ಲಿ ಇಟ್ಟೆ, ಇನ್ನೊಂದನ್ನು ಪಶ್ಚಿಮದ ಮಲಗುವ ಕೋಣೆಯಲ್ಲಿ. ಮೂರು ವಾರ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನಮ್ಮವರು ನಕ್ಕರು. ಅತ್ತೆ ಮಾತ್ರ ಸುಮ್ಮನೆ ನೋಡುತ್ತಿದ್ದರು.

ಆ ನೋಟ್‌ಬುಕ್ಕಿನ ಒಂದು ದಿನದ ಸಾಲು ಹೀಗಿದೆ. ಮಧ್ಯಾಹ್ನ 3: ಹೊರಗೆ 31, ಕೋಣೆ 26. ರಾತ್ರಿ 9: ಹೊರಗೆ 22, ಕೋಣೆ 29.

ಇದನ್ನು ನಾನು ಎರಡು ಸಲ ಓದಿದೆ. ಹೊರಗೆ ತಣ್ಣಗಾಗುತ್ತಿದ್ದ ಹಾಗೆ ಕೋಣೆ ಬಿಸಿಯಾಗುತ್ತಿತ್ತು! ಗೋಡೆಗೆ ಕೈ ಇಟ್ಟರೆ ಗುಟ್ಟು ತಿಳಿಯಿತು. ಇಟ್ಟಿಗೆ, ಕಾಂಕ್ರೀಟು ಎರಡೂ ನಿಧಾನದ ಪ್ರಾಣಿಗಳು. ಮಧ್ಯಾಹ್ನ ಹೊರಮೈ ಕುಡಿದ ಬಿಸಿ ಒಳಮೈಗೆ ದಾಟಲು ಹಲವು ಗಂಟೆ ಬೇಕು. ಅಂದರೆ ನಾವು ಮಲಗುವ ಹೊತ್ತಿಗೆ ಸರಿಯಾಗಿ ಆ ಬಿಸಿಲು ಮನೆಯೊಳಗೆ ಕಾಲಿಡುತ್ತದೆ.

ನಾವು ಮಾಡುತ್ತಿದ್ದುದೇನು? ಮಧ್ಯಾಹ್ನ ಸೆಖೆ ಅಂತ ಎಲ್ಲ ಕಿಟಕಿ ತೆರೆದು 31 ಡಿಗ್ರಿಯ ಗಾಳಿಯನ್ನು ಒಳಗೆ ಕರೆಯುತ್ತಿದ್ದೆವು. ರಾತ್ರಿ ಶೀತವಾಗುತ್ತದೆ ಅಂತ ಎಲ್ಲ ಮುಚ್ಚಿ, ಆ ಬಿಸಿಯನ್ನು ಒಳಗೇ ಕೂಡಿಹಾಕಿ, ಆಮೇಲೆ ಅದನ್ನು ಹೊರಹಾಕಲು ಏಸಿ ಹಾಕುತ್ತಿದ್ದೆವು. ಪೂರ್ತಿ ತಲೆಕೆಳಗು.

ಈಗ ಗಡಿಯಾರ ನೋಡುವುದಿಲ್ಲ, ಎರಡು ಅಂಕಿ ನೋಡುತ್ತೇನೆ. ಒಳಗಿಗಿಂತ ಹೊರಗೆ ಕಡಿಮೆಯಾದರೆ ಕಿಟಕಿ ತೆರೆ, ಜಾಸ್ತಿಯಾದರೆ ಮುಚ್ಚು. ತೆರೆಯುವುದಾದರೆ ಒಂದನ್ನೇ ತೆರೆದರೆ ಸಾಲದು, ಎದುರುಬದುರು ಎರಡು ಬೇಕು. ಗಾಳಿಗೆ ಬರಲೂ ದಾರಿ ಇರಬೇಕು, ಹೋಗಲೂ ದಾರಿ ಇರಬೇಕಲ್ವಾ. ಗಾಳಿ ಆಡದ ರಾತ್ರಿ ಒಂದು ಟೇಬಲ್ ಫ್ಯಾನನ್ನು ಕಿಟಕಿಯ ಬಳಿ ಹೊರಮುಖವಾಗಿ ಇಡುತ್ತೇನೆ. ಅದು ಬಿಸಿ ಗಾಳಿಯನ್ನು ತಳ್ಳುತ್ತದೆ, ಇನ್ನೊಂದು ಕಿಟಕಿಯಿಂದ ತಂಪು ತಾನಾಗಿ ಬರುತ್ತದೆ. ಮೊದಲ ರಾತ್ರಿ ನಮ್ಮವರು "ಫ್ಯಾನ್ ಯಾಕೆ ಬೀದಿಗೆ ಗಾಳಿ ಹಾಕ್ತಿದೆ?" ಅಂದರು. ಒಂದು ಗಂಟೆಯಲ್ಲಿ ಕೋಣೆ 29ರಿಂದ 26ಕ್ಕೆ ಇಳಿಯಿತು. ಮತ್ತೆ ಕೇಳಲಿಲ್ಲ.

ಪಶ್ಚಿಮದ ಕಿಟಕಿಗೆ ದಪ್ಪ ಪರದೆ ಮೊದಲಿನಿಂದಲೂ ಇತ್ತು. ಆದರೆ ಅದು ಇದ್ದದ್ದು ಗಾಜಿನ ಒಳಗಡೆ. ಬಿಸಿಲು ಗಾಜು ದಾಟಿ, ಪರದೆಯನ್ನು ಕಾಯಿಸಿ, ಪರದೆ ಕೋಣೆಯನ್ನು ಕಾಯಿಸುತ್ತಿತ್ತು. ಅಂಥದೇ ಒಂದು ಬಟ್ಟೆಯನ್ನು ಗಾಜಿನ ಹೊರಗಡೆ ಇಳಿಬಿಟ್ಟೆ. ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲವೋ. ಬೆಳಿಗ್ಗೆ ಚಳಿ ಇರುವ ದಿನ ಪೂರ್ವದ ಕಿಟಕಿಯಲ್ಲಿ ಇದರ ಉಲ್ಟಾ: ಪರದೆ ಸರಿಸಿ ಬಿಸಿಲನ್ನು ಒಳಗೆ ಬಿಟ್ಟುಕೊಳ್ಳುತ್ತೇನೆ. ಹೀಟರನ್ನು ಒಂದು ಗಂಟೆ ಮೊದಲೇ ಆರಿಸಬಹುದು.

ಇದೆಲ್ಲ ಕೈಕೊಡುವುದು ಮಳೆ ಬಂದ ದಿನ. ಆವತ್ತು ಹೊರಗೆ 23 ಡಿಗ್ರಿ ಇತ್ತು, ಖುಷಿಯಿಂದ ಕಿಟಕಿ ತೆರೆದೆ. ತೇವಾಂಶ ನೋಡಲೇ ಇಲ್ಲ. ಅದು ಶೇಕಡ 90 ದಾಟಿತ್ತು. ಜೊತೆಗೆ ಒಗೆದ ಬಟ್ಟೆ ಒಳಗೇ ಒಣಗಲು ಹಾಕಿದ್ದೆ. ಎರಡು ದಿನದಲ್ಲಿ ಮುಗ್ಗಲು ವಾಸನೆ. ಬೀರು ಸರಿಸಿ ನೋಡಿದರೆ ಗೋಡೆಯ ಮೇಲೆ ಕಪ್ಪು ಚುಕ್ಕಿಗಳು. ಕೋಣೆಯ ಗಾಳಿ 24 ಡಿಗ್ರಿ ಇದ್ದು ತೇವಾಂಶ ಶೇಕಡ 60 ಇದ್ದರೂ, ಸುಮಾರು 16 ಡಿಗ್ರಿಗೆ ಇಳಿದ ಗೋಡೆಯ ಮೇಲೆ ಆ ಗಾಳಿ ನೀರು ಬಿಡುತ್ತದೆ. ಬೀರುವಿನ ಹಿಂದೆ ಗಾಳಿಯಾಡುವುದಿಲ್ಲ, ಹೊರಗೋಡೆ ತಣ್ಣಗಿರುತ್ತದೆ. ಬೂಷ್ಟಿಗೆ ಇನ್ನೇನು ಬೇಕು? ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ತಂದಿದ್ದೇನೆ. ನಮ್ಮವರ ಕಾಲು ದಿನಕ್ಕೊಮ್ಮೆ ಅದಕ್ಕೆ ತಗಲುತ್ತದೆ.

ಅಂಥ ದಿನ ಏಸಿಯ ಡ್ರೈ ಮೋಡ್, ಅಂದರೆ ತಂಪಿಗಿಂತ ತೇವ ತೆಗೆಯುವುದಕ್ಕೇ ಇರುವ ಆಯ್ಕೆ, ಕೆಲಸಕ್ಕೆ ಬರುತ್ತದೆ. ನೆನಪಿಡಿ, ಏಸಿ ಹುಟ್ಟಿದ್ದೇ ತೇವದ ಕಾಟಕ್ಕೆ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಅದನ್ನು ರೂಪಿಸಿದ್ದು ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕಾಗಿ. ಅಲ್ಲಿ ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಮನುಷ್ಯರ ಬೆವರಿನ ಚಿಂತೆ ಆಮೇಲೆ ಬಂದದ್ದು.

ಇನ್ನು 16 ಡಿಗ್ರಿಯ ಜಗಳ. ಹೊರಗಿಂದ ಬಂದ ಕೂಡಲೇ 16ಕ್ಕೆ ಇಳಿಸುವುದು ನಮ್ಮವರ ಹಳೆಯ ಅಭ್ಯಾಸ. "ಬೇಗ ತಂಪಾಗಲಿ ಅಂತ" ಅನ್ನುತ್ತಾರೆ. ಮಲಗುವ ಕೋಣೆಯಲ್ಲಿರುವುದು ಹಳೆಯ ಏಸಿ, ಓಡುವ ವೇಗವನ್ನು ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳುವ 'ಇನ್ವರ್ಟರ್' ಬಗೆಯದಲ್ಲ. ಅದಕ್ಕೆ ಗೊತ್ತಿರುವುದು ಎರಡೇ: ಪೂರ್ತಿ ಓಡುವುದು, ಪೂರ್ತಿ ನಿಲ್ಲುವುದು. 16 ಅಂದರೂ 25 ಅಂದರೂ ಓಡುವ ವೇಗ ಒಂದೇ. 16 ಅಂದರೆ ನಿಲ್ಲುವುದನ್ನು ಮರೆಯುತ್ತದೆ, ಅಷ್ಟೆ. ಈಗ 26 ಇಟ್ಟು ಮೇಲೆ ಸೀಲಿಂಗ್ ಫ್ಯಾನ್ ಹಾಕುತ್ತೇವೆ. ಫ್ಯಾನ್ ಕೋಣೆಯನ್ನು ತಂಪು ಮಾಡುವುದಿಲ್ಲ, ಚರ್ಮದ ಬೆವರನ್ನು ಒಣಗಿಸುತ್ತದೆ. ಹಾಗಾಗಿ ಯಾರೂ ಇಲ್ಲದ ಕೋಣೆಯಲ್ಲಿ ಅದು ತಿರುಗುವುದು ದಂಡ.

ಹಾಲ್‌ನಲ್ಲಿರುವುದು ಬಿಸಿಗಾಳಿಯನ್ನೂ ಕೊಡುವ ಹೊಸ ಏಸಿ. ರಾಡ್ ಹೀಟರ್ ಒಂದು ಯೂನಿಟ್ ವಿದ್ಯುತ್ ತಿಂದರೆ ಒಂದು ಯೂನಿಟ್ ಬಿಸಿ ಕೊಡುತ್ತದೆ. ಇದು ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನೇ ಹೊತ್ತು ತರುವುದರಿಂದ, ತೀರಾ ಚಳಿ ಇಲ್ಲದಿದ್ದರೆ ಮೂರರಷ್ಟು ಕೊಡಬಲ್ಲದು. ಆದರೆ ಅತ್ತೆಯ ದೂರು ಬೇರೆ. "ನೋಡಮ್ಮ, ತಲೆ ಬಿಸಿ, ಕಾಲು ಐಸು." ಥರ್ಮಾಮೀಟರ್ ನೆಲದ ಮೇಲೆ ಇಟ್ಟೆ: 18. ರಿಮೋಟ್‌ನಲ್ಲಿ 24! ಯಂತ್ರದ ಸೆನ್ಸರ್ ಇರುವುದು ಗೋಡೆಯ ಮೇಲುಗಡೆ, ಬಿಸಿಗಾಳಿ ಮೊದಲು ಸೇರುವುದೂ ಅಲ್ಲೇ. ಅದು ಸಾಕು ಅಂತ ನಿಂತುಬಿಡುತ್ತದೆ. ಏಸಿಯ ಗಾಳಿ ತಿರುಗಿಸುವ ರೆಕ್ಕೆಯನ್ನು ಪೂರ್ತಿ ಕೆಳಗೆ ತಿರುಗಿಸಿದೆ, ಸೀಲಿಂಗ್ ಫ್ಯಾನನ್ನು ಅತಿ ಕಡಿಮೆ ವೇಗದಲ್ಲಿ ಬಿಟ್ಟೆ. ನೆಲ 21ಕ್ಕೆ ಬಂತು.

ಇದೇ ಏಸಿಯಿಂದ ನನ್ನ ಮರ್ಯಾದೆಯೂ ಹೋಗಿದೆ. ಚಳಿಗಾಲದ ಒಂದು ಮುಂಜಾನೆ, ಹೊರಗೆ 3 ಡಿಗ್ರಿ. ಬಿಸಿಗಾಳಿ ಇದ್ದಕ್ಕಿದ್ದ ಹಾಗೆ ನಿಂತಿತು. ಹೊರಗಿನ ಪೆಟ್ಟಿಗೆಯಿಂದ ಬಿಳಿ ಹೊಗೆ. ನಾನು ಮೇನ್ ಸ್ವಿಚ್ ಆರಿಸಿ, ಎಲ್ಲರನ್ನೂ ಎಬ್ಬಿಸಿ, ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಆತ ನಿದ್ದೆಗಣ್ಣಲ್ಲೇ "ಮೇಡಂ, ಅದು ಹೊಗೆ ಅಲ್ಲ, ಆವಿ. ಹೊರಗಿನ ಕಾಯಿಲ್ ಮೇಲೆ ಕಟ್ಟಿದ ಮಂಜನ್ನು ಅದೇ ಕರಗಿಸಿಕೊಳ್ತಿದೆ. ಹತ್ತು ನಿಮಿಷ ಕಾಯಿರಿ" ಅಂದ. ಕಾದೆವು. ಬಿಸಿಗಾಳಿ ಬಂತು. ಅತ್ತೆ ಇದನ್ನು ಇನ್ನೂ ಎಲ್ಲರಿಗೂ ಹೇಳುತ್ತಾರೆ.

ಆಮೇಲೆ ಒಂದು ರಾತ್ರಿ ಕರೆಂಟ್ ಹೋದಾಗ ನಮ್ಮವರು ಇದ್ದಿಲಿನ ಒಲೆ ಒಳಗೆ ತರೋಣ ಅಂದರು. ಅದಕ್ಕೆ ಮಾತ್ರ ನಾನು ಖಡಾಖಂಡಿತ ಬೇಡ ಅಂದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಬಿಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಏಳುವುದೇ ಇಲ್ಲ. ಎಲ್ಲರೂ ಒಂದೇ ಕೋಣೆಯಲ್ಲಿ ಎರಡೆರಡು ಕಂಬಳಿ ಹೊದ್ದು ಮಲಗಿದೆವು.

ಇದನ್ನು ಬರೆಯುವ ಹೊತ್ತಿಗೆ ರಾತ್ರಿ 9:40. ಹೊರಗೆ 21, ಕೋಣೆ 27. ಎರಡೂ ಕಿಟಕಿ ತೆರೆದಿವೆ, ಫ್ಯಾನ್ ಬೀದಿಗೆ ಗಾಳಿ ಹಾಕುತ್ತಿದೆ. ಅತ್ತೆ ಈಗಷ್ಟೇ ಕನ್ನಡಕ ಹಾಕಿಕೊಂಡು ಬಾಲ್ಕನಿಗೆ ಹೋಗಿ ಬಂದರು. "ತೇವ 58 ಇದೆ, ತೆಗೆದೇ ಇರಲಿ" ಅಂದು, ಸ್ವೆಟರ್ ಎಳೆದುಕೊಂಡು ಮಲಗಲು ಹೋದರು.